ಬೆಳೆದರೂ ಮರಿಯಾಗಿಯೇ ಉಳಿಯುವ ಜೀವಿ

ಮುಂಗಾರು ಮಳೆ ಬಿದ್ದ ಕೆಲವು ದಿನಗಳ ಬಳಿಕ ಹಿರೀಸಾವೆಯ ಸುತ್ತಲಿನ ಯಾವುದಾದರೂ ಕಟ್ಟೆಯ ಅಂಚಿನಲ್ಲಿ ನಿಂತು ನೋಡಿ. ಗೊದಮೊಟ್ಟೆಗಳು ಬಾಲ ಬಡಿಯುತ್ತಾ ಓಡಾಡುತ್ತಿರುತ್ತವೆ. ಕೆಲವೇ ವಾರಗಳಲ್ಲಿ ಕಾಲು ಮೂಡುತ್ತದೆ, ಕಿವಿರು ಮಾಯವಾಗುತ್ತದೆ, ಬಾಲ ಕರಗುತ್ತದೆ; ಕಪ್ಪೆ ದಡಕ್ಕೆ ನೆಗೆಯುತ್ತದೆ. ಗೊದಮೊಟ್ಟೆ ಹಾಗೆಯೇ ಉಳಿದು ಮೊಟ್ಟೆಯಿಟ್ಟರೆ ಹೇಗೆ? ನಮ್ಮ ಕಟ್ಟೆಗಳಲ್ಲಿ ಹಾಗಾಗುವುದಿಲ್ಲ. ಆದರೆ ಕಪ್ಪೆಯ ದೂರದ ಬಂಧುಗಳಾದ ಕೆಲವು ಸಾಲಮಾಂಡರುಗಳಲ್ಲಿ ಅಂಥದೇ ಸಂಗತಿ ನಡೆಯುತ್ತದೆ. ಅದನ್ನು ಅರಿಯಲು ವಿಜ್ಞಾನಿಗಳಿಗೆ ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಸಾಲಮಾಂಡರ್ ಕರ್ನಾಟಕದಲ್ಲಿಲ್ಲ. ಭಾರತದಲ್ಲಿ ಅದನ್ನು ಕಾಣಬೇಕಾದರೆ ಡಾರ್ಜಿಲಿಂಗ್ ಕಡೆಗೆ ಹೋಗಬೇಕು. ನೋಟಕ್ಕೆ ಹಲ್ಲಿಯಂತಿದ್ದರೂ ಅದು ಕಪ್ಪೆಯಂತೆ ಉಭಯವಾಸಿ. ನಮ್ಮ ಕಥೆಯ ನಾಯಕ ಮಾತ್ರ ಮೆಕ್ಸಿಕೋ ನಗರದ ಬಳಿಯ ಸೋಚಿಮಿಲ್ಕೋ ಸರೋವರದ ಆಕ್ಸೊಲಾಟಲ್. ಅದರ ತಲೆಯ ಇಕ್ಕೆಲಗಳಲ್ಲಿ ಗರಿಯಂತಹ ಕಿವಿರುಗಳಿವೆ.

ಹಂಬೋಲ್ಟ್ ಮೆಕ್ಸಿಕೋದಿಂದ ತಂದ ಮಾದರಿಗಳನ್ನು ಪರೀಕ್ಷಿಸಿದ ಫ್ರಾನ್ಸಿನ ಕ್ಯೂವಿಯೆ, ಇದು ಯಾವುದೋ ಸಾಲಮಾಂಡರಿನ ಮರಿ ಇರಬೇಕೆಂದು ಶಂಕಿಸಿದರು. ಆದರೆ ಅದು ಕಿವಿರು ಕಳೆದುಕೊಂಡದ್ದನ್ನು ಕಂಡವರೇ ಇರಲಿಲ್ಲ. ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. 1864ರಲ್ಲಿ ಪ್ಯಾರಿಸ್ಸಿಗೆ ಬಂದ ಆಕ್ಸೊಲಾಟಲ್‌ಗಳಲ್ಲಿ ಆರು, ಪ್ರಾಣಿಶಾಸ್ತ್ರಜ್ಞ ಆಗಸ್ಟ್ ಡ್ಯುಮೆರಿಲ್ ಅವರ ಕೈ ಸೇರಿದವು. ಮರುವರ್ಷ ಅವು ಮೊಟ್ಟೆಯಿಟ್ಟವು. ಹುಟ್ಟಿದ ಮರಿಗಳಲ್ಲಿ ಕೆಲವು ಕಿವಿರು ಕಳೆದುಕೊಂಡು, ಮೈಮೇಲೆ ಹಳದಿ ಚುಕ್ಕೆ ತಳೆದು, ನೆಲವಾಸಿ ಸಾಲಮಾಂಡರುಗಳಾಗಿಬಿಟ್ಟವು! ತಾಯಿತಂದೆಗಳು ಮಾತ್ರ ಮೊದಲಿನಂತೆಯೇ ಇದ್ದವು.

1870ರ ದಶಕದಲ್ಲಿ ಜರ್ಮನಿಯ ಮರೀ ಫಾನ್ ಶೋವಿನ್ ಎಂಬ ಮಹಿಳೆ ನೀರಿನ ಮಟ್ಟವನ್ನು ತಾಳ್ಮೆಯಿಂದ ಇಳಿಸುತ್ತಾ ಹೋಗಿ ಆಕ್ಸೊಲಾಟಲ್‌ಗಳನ್ನು ನೆಲಕ್ಕೆ ತಂದರು. ಮರಿತನದ ಲಕ್ಷಣ ಉಳಿಸಿಕೊಂಡೇ ಪ್ರೌಢವಾಗುವ ಈ ಸ್ಥಿತಿಗೆ ಕೋಲ್‌ಮನ್ ಎಂಬ ವಿಜ್ಞಾನಿ 1880ರ ದಶಕದಲ್ಲಿ 'ನಿಯೋಟೆನಿ' ಎಂದು ಹೆಸರಿಟ್ಟರು.

ಒಳಗಿನ ಕಾರಣ ತಿಳಿಸಿಕೊಟ್ಟದ್ದು ಗೊದಮೊಟ್ಟೆಯೇ. 1912ರಲ್ಲಿ ಗುಡೆರ್‌ನಾಚ್ ಅವುಗಳಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದಾಗ ಅವು ಅವಧಿಗೆ ಮುಂಚೆಯೇ ರೂಪ ಬದಲಿಸಿದವು. 1913ರಲ್ಲಿ ಲಾಫ್‌ಬರ್ಗರ್, 1920ರಲ್ಲಿ ಜೂಲಿಯನ್ ಹಕ್ಸ್‌ಲಿ ಆಕ್ಸೊಲಾಟಲ್ ಮೇಲೆ ಇದೇ ಪ್ರಯೋಗ ಮಾಡಿ ಯಶಸ್ವಿಯಾದರು. ಅದರ ದೇಹಕ್ಕೆ ಬದಲಾಗುವ ಶಕ್ತಿ ಇದೆ; ಆದರೆ ಥೈರಾಯ್ಡನ್ನು ಎಚ್ಚರಿಸುವ ಹಾರ್ಮೋನಿನ ಕರೆ ಸಾಲದು.

ಇಂಥ ಏರ್ಪಾಡು ಉಳಿದುಬಂದದ್ದೇಕೆ? ನಮ್ಮ ಕಟ್ಟೆಯ ಗೊದಮೊಟ್ಟೆಗೆ ನೀರು ಬತ್ತುವ ಮುನ್ನ ಕಪ್ಪೆಯಾಗುವ ಅವಸರ. ವರ್ಷವಿಡೀ ನೀರು, ಆಹಾರ ಸಿಗುವ ಸರೋವರದಲ್ಲಿ ದಡಕ್ಕೆ ಹೋಗುವ ಅಗತ್ಯವಿಲ್ಲ. ನೀರಿನಲ್ಲೇ ಸಂತತಿ ಬೆಳೆಸಿದವುಗಳಿಗೇ ಲಾಭ. ಆದ್ದರಿಂದ ಮರಿತನ ಇಲ್ಲಿ ಕೊರತೆಯಲ್ಲ, ಬದುಕುವ ಉಪಾಯ.

ಆದರೆ ಈ ಉಪಾಯ ನಿಂತಿರುವುದು ನೀರಿನ ನಂಬಿಕೆಯ ಮೇಲೆ. ಸೋಚಿಮಿಲ್ಕೋದಲ್ಲಿ 1998ರ ಗಣತಿಯಂತೆ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟಲ್‌ಗಳಿದ್ದವು, 2014ರಲ್ಲಿ 36. ಕೊಳಚೆ ನೀರು ಮತ್ತು ಹೊರಗಿನಿಂದ ತಂದುಬಿಟ್ಟ ಮೀನುಗಳು ಅದರ ಮನೆಯನ್ನು ಕೆಡಿಸಿವೆ. ಜಗತ್ತಿನ ಪ್ರಯೋಗಾಲಯಗಳಲ್ಲಿ ಸಾವಿರಾರು ಆಕ್ಸೊಲಾಟಲ್‌ಗಳಿವೆ, ತವರಿನಲ್ಲಿ ಮಾತ್ರ ಅದು ಅಳಿವಿನ ಅಂಚಿನಲ್ಲಿದೆ. ಮುಂದಿನ ಮಳೆಗಾಲದಲ್ಲಿ ನಿಮ್ಮೂರ ಕಟ್ಟೆಯ ಗೊದಮೊಟ್ಟೆಗಳನ್ನು ನೋಡುವಾಗ ಈ ಮಾತು ನೆನಪಿರಲಿ.