ತಿಂಗಳಿಗೆ 30 ಡಾಲರ್ ಕೈಖರ್ಚು: ಅಮೆರಿಕದ ನರ್ಸಿಂಗ್ ಹೋಮ್‌ನ ವೆಂಡಿಂಗ್ ಮಷಿನ್ ಕಥೆ

ಇವತ್ತಿನ ಸಂಚಿಕೆಯಲ್ಲಿ ಒಂದು ಪೆಟ್ಟಿಗೆಯ ಕಥೆ ಹೇಳ್ತೀನಿ. ಮುಂದೆ ಗಾಜು, ಒಳಗೆ ಸ್ಪ್ರಿಂಗ್ ಥರದ ಸುರುಳಿಗಳು, ಸುರುಳಿಗಳ ಮಧ್ಯೆ ಚಿಪ್ಸ್ ಪ್ಯಾಕೆಟ್ಟು, ಚಾಕೊಲೇಟು. ದುಡ್ಡು ಹಾಕಿ ಗುಂಡಿ ಒತ್ತಿದರೆ ಸುರುಳಿ ತಿರುಗಿ, ಪ್ಯಾಕೆಟ್ಟು ಧಪ್ ಅಂತ ಕೆಳಗೆ ಬೀಳುತ್ತೆ. ವೆಂಡಿಂಗ್ ಮಷಿನ್. ನಮ್ಮಲ್ಲಿ ಏರ್‌ಪೋರ್ಟ್‌ನಲ್ಲಿ, ಐಟಿ ಆಫೀಸುಗಳಲ್ಲಿ ನೋಡಿರ್ತೀರಿ. ನಾನು ಹೇಳಹೊರಟಿರೋದು ಅಮೆರಿಕದ ನರ್ಸಿಂಗ್ ಹೋಮ್‌ಗಳ ಮೂಲೆಯಲ್ಲಿ ನಿಂತಿರೋ ಮಷಿನ್ ಬಗ್ಗೆ.

ಮೊದಲೇ ಒಂದು ಗೊಂದಲ ಬಗೆಹರಿಸ್ಬಿಡ್ತೀನಿ. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಎಲ್ಲ ಮಾಡೋ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನರ್ಸಿಂಗ್ ಹೋಮ್ ಅಂದ್ರೆ ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ವಯಸ್ಸಾದವರು, ದೀರ್ಘಕಾಲದ ಕಾಯಿಲೆಯವರು ಇರೋ ಜಾಗ. ಬಹಳ ಜನಕ್ಕೆ ಅದೇ ಕೊನೆಯ ಮನೆ. ಇವತ್ತು ಸುಮಾರು 12 ಲಕ್ಷ ಮಂದಿ ಅಂಥ ಕಡೆ ಇದ್ದಾರೆ.

ಅಲ್ಲಿ ರಾತ್ರಿ ಊಟ ಅನ್ನೋದು ನಮ್ಮ ಸಂಜೆ ಕಾಫಿ ಟೈಮಿಗೇ ಬಂದುಬಿಡುತ್ತೆ. ಐದು, ಐದೂವರೆಗೆಲ್ಲ ತಟ್ಟೆ ಮುಂದಿರುತ್ತೆ. ಸಂಜೆ ಊಟಕ್ಕೂ ಬೆಳಗಿನ ತಿಂಡಿಗೂ ಮಧ್ಯೆ 14 ಗಂಟೆಗಿಂತ ಹೆಚ್ಚು ಅಂತರ ಇರಬಾರದು, ಮಲಗೋ ಮುಂಚೆ ಹೊಟ್ಟೆಗಾಗುವಂಥ ಏನಾದ್ರೂ ಕೊಟ್ರೆ 16 ಗಂಟೆವರೆಗೂ ನಡೆಯುತ್ತೆ ಅಂತ ಕೇಂದ್ರ ಸರ್ಕಾರದ ನಿಯಮವೇ ಇದೆ. ಅಡುಗೆಮನೆ ಮುಚ್ಚಿದ ಮೇಲೆ, ರಾತ್ರಿ ಎಂಟೂವರೆಗೆ ಏನಾದ್ರೂ ಕುರುಕಬೇಕು ಅನ್ನಿಸಿದ್ರೆ ನರ್ಸನ್ನ ಕೇಳಬೇಕು. ಇಲ್ಲಾಂದ್ರೆ ಮಷಿನ್ ಇದೆ. ಕೇಳೋದಕ್ಕೂ ಕೊಂಡ್ಕೊಳ್ಳೋದಕ್ಕೂ ಇರೋ ವ್ಯತ್ಯಾಸ ಸಣ್ಣದಲ್ಲ. ಇಡೀ ದಿನ ಯಾರೋ ಎಬ್ಬಿಸಿ, ಯಾರೋ ಸ್ನಾನ ಮಾಡಿಸಿ, ಯಾರೋ ಬಡಿಸಿದ್ದು ತಿಂದ ಮನುಷ್ಯ ತಾನೇ ಆರಿಸಿ ತಾನೇ ದುಡ್ಡು ಕೊಡೋ ಅಂಗಡಿ, ಎಷ್ಟೋ ಕಡೆ ಆ ಕಟ್ಟಡದಲ್ಲಿ ಇದೊಂದೇ.

ಹಾಗಾದ್ರೆ ಆ ಮಷಿನ್‌ಗೆ ಹಾಕೋ ದುಡ್ಡು ಎಲ್ಲಿಂದ ಬರುತ್ತೆ? ನನಗೆ ಇದರ ಇತಿಹಾಸದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಪ್ರಶ್ನೆ.

ಮಷಿನ್ ಕಥೆ ಬೇಗ ಮುಗಿಸ್ತೀನಿ. ಕಾಸು ಹಾಕಿದರೆ ಸರಕು ಕೊಡೋ ಯಂತ್ರದ ವಿವರಣೆ ಮೊದಲು ಸಿಗೋದು ಒಂದನೇ ಶತಮಾನದಲ್ಲಿ. ಅಲೆಕ್ಸಾಂಡ್ರಿಯಾದ ಹೀರೋ ಅನ್ನೋ ಗಣಿತಜ್ಞ ಬರೆದಿಟ್ಟ ಯಂತ್ರ ಅದು. ದೇವಸ್ಥಾನದಲ್ಲಿ ನಾಣ್ಯ ಹಾಕಿದ್ರೆ ಇಷ್ಟೇ ಇಷ್ಟು ಪವಿತ್ರ ಜಲ ಸುರಿಯುತ್ತಿತ್ತು. ತೀರ್ಥದ ಎಟಿಎಂ ಅಂದ್ಕೊಳ್ಳಿ! 1888ರಲ್ಲಿ ನ್ಯೂಯಾರ್ಕಿನ ರೈಲ್ವೆ ಪ್ಲಾಟ್‌ಫಾರ್ಮ್‌ಗಳಲ್ಲಿ ಚೂಯಿಂಗ್ ಗಮ್ ಮಷಿನ್ ಬಂತು. 1902ರಲ್ಲಿ ಫಿಲಡೆಲ್ಫಿಯಾದಲ್ಲಿ ಹಾರ್ನ್ ಅಂಡ್ ಹಾರ್ಡಾರ್ಟ್ ಅನ್ನೋ ಕಂಪನಿ ‘ಆಟೊಮ್ಯಾಟ್’ ಶುರು ಮಾಡ್ತು. ಇಡೀ ಹೋಟೆಲ್ಲೇ ಒಂದು ವೆಂಡಿಂಗ್ ಮಷಿನ್. ಗೋಡೆ ತುಂಬಾ ಗಾಜಿನ ಬಾಗಿಲಿನ ಸಣ್ಣ ಸಣ್ಣ ಗೂಡು, ಒಳಗೆ ಕಡುಬಿನ ಥರದ ಪೈ, ಸ್ಯಾಂಡ್‌ವಿಚ್ಚು. ನಿಕಲ್ ಅಂದ್ರೆ ಐದು ಸೆಂಟಿನ ನಾಣ್ಯ ಹಾಕಿ, ಗುಬುಟು ತಿರುಗಿಸಿ, ಬಾಗಿಲು ತೆಗೆದು ತಗೊಳ್ಳೋದು.

ಈ ಆಟೊಮ್ಯಾಟ್‌ಗಳಲ್ಲಿ, ಅದರಲ್ಲೂ ನ್ಯೂಯಾರ್ಕಿನಲ್ಲಿ, ಕೊನೆಕೊನೆಗೆ ಖಾಯಂ ಗಿರಾಕಿಗಳಾಗಿದ್ದವರಲ್ಲಿ ಒಂಟಿ ಮುದುಕರು, ಮುದುಕಿಯರು ಬಹಳ. ಒಂದು ಕಪ್ ಕಾಫಿ ಹಿಡಿದು ಗಂಟೆಗಟ್ಟಲೆ ಕೂತರೂ ಮುಖ ಸಿಂಡರಿಸೋಕೆ ಅಲ್ಲಿ ಮಾಣಿ ಇಲ್ಲ. ಟಿಪ್ಸ್ ಕೊಡಬೇಕಿಲ್ಲ. ಕೊನೆಯ ಆಟೊಮ್ಯಾಟ್ 1991ರಲ್ಲಿ ಮುಚ್ಚಿತು. ನನ್ನ ಲೆಕ್ಕದಲ್ಲಿ ನರ್ಸಿಂಗ್ ಹೋಮ್ ಮಷಿನ್‌ನ ನಿಜವಾದ ಪೂರ್ವಜ ಆ ಚೂಯಿಂಗ್ ಗಮ್ ಡಬ್ಬಿ ಅಲ್ಲ, ಈ ಆಟೊಮ್ಯಾಟ್.

ಈಗ ದುಡ್ಡಿನ ಕಥೆಗೆ ಬರೋಣ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ದಿಕ್ಕಿಲ್ಲದ ವೃದ್ಧರು ಹೋಗಿ ಬೀಳ್ತಿದ್ದದ್ದು ಪೂರ್‌ಹೌಸ್‌ಗೆ, ಅಂದ್ರೆ ಸರ್ಕಾರಿ ಬಡವರ ಮನೆಗೆ. ಊಟ, ಹಾಸಿಗೆ, ಅವಮಾನ ಮೂರೂ ಒಟ್ಟಿಗೆ ಸಿಗ್ತಿದ್ದ ಜಾಗ. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಂತು. ಬಡ ವೃದ್ಧರಿಗೆ ರಾಜ್ಯಗಳು ಪಿಂಚಣಿ ಕೊಟ್ರೆ, ತಿಂಗಳಿಗೆ 30 ಡಾಲರ್‌ವರೆಗೆ ಅದರ ಅರ್ಧ ಪಾಲು ಕೇಂದ್ರದ್ದು. ಈ 30 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ. ಕಾಯ್ದೆಯಲ್ಲಿ ಒಂದು ಷರತ್ತಿತ್ತು: ಸರ್ಕಾರಿ ಆಶ್ರಯಧಾಮದಲ್ಲಿ ಇರೋರಿಗೆ ಈ ದುಡ್ಡು ಇಲ್ಲ. ಪೂರ್‌ಹೌಸ್ ಖಾಲಿಯಾಗಲಿ ಅನ್ನೋದು ಉದ್ದೇಶ. ಆಗಿದ್ದೇನು? ಚೆಕ್ ಹಿಡಿದ ವೃದ್ಧರು ಖಾಸಗಿ ಮನೆಗಳಿಗೆ ಹೋಗಿ ಸೇರಿದ್ರು, ಆ ಮನೆಗಳೇ ಬೆಳೀತಾ ಬೆಳೀತಾ ಖಾಸಗಿ ನರ್ಸಿಂಗ್ ಹೋಮ್ ಉದ್ಯಮವಾಯ್ತು. ಅಲ್ಲಿ ಮರ್ಯಾದೆ ಎಷ್ಟಿತ್ತೋ ಬಿಡಿ, ಆದರೆ ಚೆಕ್ ಮೊದಲು ಬರ್ತಿದ್ದದ್ದು ಅಜ್ಜ ಅಜ್ಜಿಯರ ಕೈಗೆ.

1965ರಲ್ಲಿ ಮೆಡಿಕೇಡ್ ಬಂದಾಗ ಈ ಕ್ರಮ ತಿರುವುಮುರುವಾಯ್ತು. ಮೆಡಿಕೇಡ್ ಅಂದ್ರೆ ಬಡವರಿಗಾಗಿ ಕೇಂದ್ರ, ರಾಜ್ಯ ಎರಡೂ ಸೇರಿ ನಡೆಸೋ ಆರೋಗ್ಯ ಯೋಜನೆ. ಇವತ್ತು ನರ್ಸಿಂಗ್ ಹೋಮ್‌ನಲ್ಲಿರೋ ಹತ್ತು ಜನರಲ್ಲಿ ಸುಮಾರು ಆರು ಜನರ ಖರ್ಚು ನಡೆಯೋದು ಇದರಿಂದ. ಎಲ್ಲರೂ ಹುಟ್ಟು ಬಡವರಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಬಿಲ್ ಕಟ್ಟಿ ಕಟ್ಟಿ ಕರಗಿಸಿ, ಬಹಳಷ್ಟು ರಾಜ್ಯಗಳಲ್ಲಿ 2,000 ಡಾಲರ್‌ಗೆ ಇಳಿದ ಮೇಲೆ ಈ ಯೋಜನೆಗೆ ಅರ್ಹರಾದವರೂ ಇದರಲ್ಲಿದ್ದಾರೆ. ಇಲ್ಲಿ ನಿಯಮ ಹೀಗೆ: ನಿಮ್ಮ ಪಿಂಚಣಿ ಮೊದಲು ನರ್ಸಿಂಗ್ ಹೋಮ್‌ಗೆ, ಸಾಲದೇ ಬಂದದ್ದನ್ನ ಸರ್ಕಾರ ತುಂಬಿಕೊಡುತ್ತೆ. ನಿಮ್ಮ ಕೈಯಲ್ಲಿ ಉಳಿಯೋದು ‘ಪರ್ಸನಲ್ ನೀಡ್ಸ್ ಅಲೊವೆನ್ಸ್’. ನಮ್ಮ ಭಾಷೆಯಲ್ಲಿ ಕೈಖರ್ಚು. 1972ರ ಕಾಯ್ದೆ ಅದನ್ನ ತಿಂಗಳಿಗೆ 25 ಡಾಲರ್ ಅಂತ ಗೊತ್ತು ಮಾಡಿತು, 1974ರಿಂದ ಜಾರಿ.

ಅಷ್ಟು ಸಣ್ಣ ದುಡ್ಡನ್ನೂ ಬಿಡಲಿಲ್ಲ ನೋಡಿ. ಆ ಹಣವನ್ನ ಇಟ್ಕೊಳ್ತಿದ್ದದ್ದು ಸಾಮಾನ್ಯವಾಗಿ ಸಂಸ್ಥೆಯ ಆಫೀಸು. ಎಪ್ಪತ್ತರ ದಶಕದಲ್ಲಿ ಸೆನೆಟರ್ ಫ್ರಾಂಕ್ ಮಾಸ್ ಅವರ ಉಪಸಮಿತಿ ನರ್ಸಿಂಗ್ ಹೋಮ್‌ಗಳ ಹುಳುಕನ್ನ ಒಂದೊಂದಾಗಿ ಹೊರಗೆ ಹಾಕಿತು. ನಿವಾಸಿಗಳ ಕೈಖರ್ಚಿನ ದುರುಪಯೋಗವೂ ಆ ಕಾಲದ ದೊಡ್ಡ ದೂರುಗಳಲ್ಲೊಂದು. 1977ರ ಕಾಯ್ದೆ ಆ ದುಡ್ಡಿಗೆ ಬೇರೆ ಲೆಕ್ಕ ಇಡಲೇಬೇಕು ಅಂತ ಕಡ್ಡಾಯ ಮಾಡಿತು.

ಆಮೇಲೆ ಬಂದದ್ದು 1987ರ ಸುಧಾರಣಾ ಕಾಯ್ದೆ, ರೇಗನ್ ಸಹಿ ಹಾಕಿದ್ದು. ಕಾರಣವಿಲ್ಲದೆ ಮಂಚಕ್ಕೆ ಕಟ್ಟಿಹಾಕಬಾರದು, ನಿವಾಸಿ ತನ್ನ ಹಣ ತಾನೇ ನೋಡಿಕೊಳ್ಳಬಹುದು, ಚಿಕಿತ್ಸೆ ಬೇಡ ಅನ್ನಬಹುದು. ಇವೆಲ್ಲ ಹಕ್ಕುಗಳಾದವು. ಸೋಪು, ಶಾಂಪೂ, ಟೂತ್‌ಪೇಸ್ಟ್‌ಗೆ ಮೆಡಿಕೇಡ್ ನಿವಾಸಿಗಳ ಕೈಖರ್ಚಿನಿಂದ ದುಡ್ಡು ಹಿಡಿಯೋ ಹಾಗಿಲ್ಲ ಅಂತ ನಿಯಮ ಆಯ್ತು. ಸ್ವಂತ ದುಡ್ಡಲ್ಲಿ ಕೊಳ್ಳಬೇಕಾದವುಗಳ ಪಟ್ಟಿಯೂ ಇದೆ: ಫೋನು, ಟಿವಿ, ಓದೋ ಪುಸ್ತಕ, ಹೂವು, ಸಿಗರೇಟು, ಸಿಹಿತಿಂಡಿ. ಅಂದ್ರೆ ಮಷಿನ್‌ನ ಚಾಕೊಲೇಟಿಗೆ ಕಾನೂನಿನಲ್ಲೇ ಒಂದು ಜಾಗ ಇದೆ! ಇದೇ ಕಾಯ್ದೆ ಕೈಖರ್ಚನ್ನ 25ರಿಂದ 30 ಡಾಲರ್‌ಗೆ ಏರಿಸಿತು, 1988ರ ಜುಲೈನಿಂದ.

ಈ ಏರಿಕೆಯ ಲೆಕ್ಕ ನೋಡಿ. ಬೆಲೆ ಏರಿಕೆಗೆ ಹೊಂದಿಸಿದ್ರೆ 1974ರ 25 ಡಾಲರ್ 1988ರಲ್ಲಿ 60 ದಾಟಬೇಕಿತ್ತು. ಕೊಟ್ಟಿದ್ದು ಅದರ ಅರ್ಧ. 1988ರ 30 ಡಾಲರ್ ಈಗ ಸುಮಾರು 80 ಆಗಬೇಕು. ಆದರೆ ಕೇಂದ್ರದ ಕನಿಷ್ಠ ಮೊತ್ತ ಇವತ್ತಿಗೂ 30. ಕೆಲವು ರಾಜ್ಯಗಳು ತಮ್ಮ ಕೈಯಿಂದ ಸೇರಿಸಿ ನೂರು ದಾಟಿಸಿವೆ, ಕೆಲವು ಕನಿಷ್ಠದ ಹತ್ತಿರವೇ ನಿಂತಿವೆ. ಹೊರಗಡೆ ಸ್ವಂತ ಮನೆಯಲ್ಲಿರೋ ಬಡ ವೃದ್ಧರ ಸರ್ಕಾರಿ ನೆರವು ಬೆಲೆ ಏರಿದ ಹಾಗೆ ತಾನೇ ಏರುತ್ತೆ. ಅದೇ ವ್ಯಕ್ತಿ ನರ್ಸಿಂಗ್ ಹೋಮ್ ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಸಿಗೋದು ಈ ಏರದ 30. 1935ರಲ್ಲಿ 30 ಡಾಲರ್ ಅಂದ್ರೆ ಇಡೀ ತಿಂಗಳ ಬಾಳ್ವೆಗೆ ಹಾಕಿದ ಅಂದಾಜು. ಈಗ ಅದೇ 30ರಲ್ಲಿ ಕಟಿಂಗ್, ಫೋನು, ಒಂದು ಜೊತೆ ಚಪ್ಪಲಿ, ಮೊಮ್ಮಗಳ ಹುಟ್ಟುಹಬ್ಬದ ಕಾರ್ಡು ಎಲ್ಲ ಆಗಿ, ಉಳಿದದ್ದು ಮಷಿನ್‌ಗೆ. ಎಂಬತ್ತರ ದಶಕದ ಕೊನೆಗೆ ಅರ್ಧ ಡಾಲರ್ ಆಸುಪಾಸಿಗೆ ಸಿಗ್ತಿದ್ದ ಕೋಲಾ ಕ್ಯಾನ್ ಈಗ ಎಷ್ಟೋ ಮಷಿನ್‌ಗಳಲ್ಲಿ ಒಂದೂವರೆ ಡಾಲರ್.

ಮಷಿನ್ ವಿರೋಧಿಸೋರ ಮಾತೂ ಹಗುರ ಅಲ್ಲ. ಸಕ್ಕರೆ ಕಾಯಿಲೆಯವರು ಅಲ್ಲಿ ಬಹಳ. ನುಂಗೋಕೆ ಕಷ್ಟ ಇರೋರಿಗೆ ನೀರನ್ನೂ ಗಟ್ಟಿ ಮಾಡಿ ಕೊಡಬೇಕಾಗುತ್ತೆ. ಅಂಥವರ ಕೈಗೆ ಒಂದು ಪ್ಯಾಕೆಟ್ ಕಡಲೆಬೀಜ ಸಿಕ್ಕರೆ ಪ್ರಾಣಕ್ಕೇ ಸಂಚಕಾರ. ಮಷಿನ್‌ಗೆ ಯಾರ ಕೇಸ್‌ಶೀಟೂ ಗೊತ್ತಿಲ್ಲ. ಆದರೆ 2010ರಲ್ಲಿ ಅಮೆರಿಕದ ಆಹಾರತಜ್ಞರ ಸಂಘವೇ ಹೇಳಿದ್ದು ಬೇರೆ: ಇಂಥ ಕಡೆ ಇರೋ ವೃದ್ಧರಿಗೆ ಎಲ್ಲರಿಗೂ ಒಂದೇ ಕಟ್ಟುನಿಟ್ಟಿನ ಪಥ್ಯ ಹೇರಿದ್ರೆ ಊಟವೇ ಸೇರದೆ ತೂಕ ಇಳಿಯುತ್ತೆ, ಒಬ್ಬೊಬ್ಬರಿಗೆ ತಕ್ಕ ಹಾಗೆ ಸಡಿಲ ಮಾಡಿ. ನುಂಗಲಾಗದವರ ವಿಷಯದಲ್ಲಿ ನಾನು ನರ್ಸ್ ಪರ. 88 ವರ್ಷದ, ಬುದ್ಧಿ ನೆಟ್ಟಗಿರೋ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ ಅಂತ ಚಾಕೊಲೇಟ್ ಮಷಿನ್ ತೆಗೆಸೋದಾದ್ರೆ, ನಾನು ಅಜ್ಜಿ ಪರ.

ಮಷಿನ್ ಮುಂದೆ ನಿಂತ ದೇಹದ ಬಗ್ಗೆಯೂ ಯೋಚಿಸಿ. ಗಾಲಿಕುರ್ಚಿಯಲ್ಲಿ ಕೂತವರಿಗೆ ದುಡ್ಡು ಹಾಕೋ ಸಂದು ಎತ್ತರ, ಪ್ಯಾಕೆಟ್ ಬೀಳೋ ಜಾಗ ತಗ್ಗು. ಸಂಧಿವಾತದ ಬೆರಳಿಗೆ ನಾಣ್ಯ ಹಿಡಿಯೋದೇ ಒಂದು ಸಾಹಸ. 2012ರ ಮಾರ್ಚ್‌ನಿಂದ ಜಾರಿಗೆ ಬಂದ ಅಂಗವಿಕಲರ ಸೌಲಭ್ಯದ ಮಾನದಂಡದಲ್ಲಿ ವೆಂಡಿಂಗ್ ಮಷಿನ್‌ಗಳ ಹೆಸರೂ ಇದೆ. ಬಳಸೋ ಭಾಗಗಳೆಲ್ಲ ನೆಲದಿಂದ 15ರಿಂದ 48 ಇಂಚಿನೊಳಗೆ ಇರಬೇಕು, ಒಂದೇ ಕೈಯಲ್ಲಿ, ಮಣಿಕಟ್ಟು ತಿರುಚದೆ ಆಗಬೇಕು. ಅಷ್ಟರಲ್ಲಿ ಮಷಿನ್‌ಗಳಿಗೆ ಕಾರ್ಡ್ ರೀಡರ್ ಬರೋಕೆ ಶುರುವಾಯ್ತು, ಕೆಲವಕ್ಕೆ ನಾಣ್ಯದ ಸಂದೇ ಇಲ್ಲ. ಎಳನೀರಿಗೂ ಸ್ಕ್ಯಾನ್ ಮಾಡೋ ನಮಗೆ ಇದು ಸುಲಭ ಅನ್ನಿಸುತ್ತೆ. ಆದರೆ ಆಫೀಸಿನ ಖಾತೆಯಿಂದ ಐದು ಡಾಲರ್ ನಗದು ಈಸ್ಕೊಂಡು ಬಂದ ಅಜ್ಜನಿಗೆ, ಅಂಥ ಮಷಿನ್ ಇದ್ದೂ ಇಲ್ಲದ ಹಾಗೆ.

ದುಡ್ಡಿರೋರಿಗೆ ಬೇರೆ ದಾರಿ ಇದೆ, ಅಸಿಸ್ಟೆಡ್ ಲಿವಿಂಗ್. ಕೆರನ್ ಬ್ರೌನ್ ವಿಲ್ಸನ್ ಅನ್ನೋರು 1983ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ತೆರೆದ ‘ಪಾರ್ಕ್ ಪ್ಲೇಸ್’ ಇದಕ್ಕೆ ಮೊದಲ ಮಾದರಿಗಳಲ್ಲೊಂದು. ಅವರ ತಾಯಿ ಪಾರ್ಶ್ವವಾಯು ಹೊಡೆದು 55ಕ್ಕೇ ನರ್ಸಿಂಗ್ ಹೋಮ್ ಸೇರಿದ್ದರು. ಅತುಲ್ ಗವಾಂಡೆ ‘ಬೀಯಿಂಗ್ ಮಾರ್ಟಲ್’ ಪುಸ್ತಕದಲ್ಲಿ ಇದನ್ನ ಬರೆದಿದ್ದಾರೆ. ಪಾರ್ಕ್ ಪ್ಲೇಸ್‌ನಲ್ಲಿ ಒಳಗಿಂದ ಚಿಲಕ ಹಾಕ್ಕೊಳ್ಳೋ ಬಾಗಿಲು, ಪುಟ್ಟ ಅಡುಗೆಮನೆ. ರಾತ್ರಿ ಹಸಿವಾದ್ರೆ ಎದ್ದು ಹೋಗಿ ನಿಮ್ಮ ಫ್ರಿಜ್ ನೀವೇ ತೆಗೀಬಹುದು. ಆದರೆ ಅಸಿಸ್ಟೆಡ್ ಲಿವಿಂಗ್‌ನ ಬಾಡಿಗೆಯನ್ನ ಬಹುಪಾಲು ಜನ ತಮ್ಮ ಜೇಬಿನಿಂದಲೇ ಕಟ್ಟಬೇಕು.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು. ನರ್ಸಿಂಗ್ ಹೋಮ್‌ಗಳಿಗೆ ಮನೆಯವರ ಭೇಟಿ ಬಂದ್, ಒಟ್ಟಿಗೆ ಕೂತು ಉಣ್ಣೋದು ಬಂದ್. ಬಿಸ್ಕೆಟ್, ಚಿಲ್ಲರೆ ತಂದುಕೊಡ್ತಿದ್ದ ಮಗಳು ಕಿಟಕಿಯ ಆಚೆ. ಅದೇ ಹೊತ್ತಿಗೆ ಸರ್ಕಾರ ಜನರಿಗೆ 1,200 ಡಾಲರ್ ಪರಿಹಾರ ಕೊಡ್ತು, ನರ್ಸಿಂಗ್ ಹೋಮ್‌ನಲ್ಲಿರೋ ಮೆಡಿಕೇಡ್ ನಿವಾಸಿಗಳಿಗೂ. ತಿಂಗಳಿಗೆ 30 ಸಿಗೋರಿಗೆ ಅದು 40 ತಿಂಗಳ ಕೈಖರ್ಚು! ಮೇ ತಿಂಗಳಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಒಂದು ಎಚ್ಚರಿಕೆ ಹೊರಡಿಸಬೇಕಾಯ್ತು: ಕೆಲವು ಸಂಸ್ಥೆಗಳು ಆ ದುಡ್ಡನ್ನ ತಮಗೆ ಬರೆದುಕೊಡಿ ಅಂತ ನಿವಾಸಿಗಳನ್ನ ಕೇಳ್ತಿವೆ, ಹಾಗೆ ಮಾಡೋ ಹಾಗಿಲ್ಲ, ದುಡ್ಡು ನಿವಾಸಿಗಳದ್ದು.

ಕನಿಷ್ಠ ಕೈಖರ್ಚನ್ನ 30ರಿಂದ 60 ಡಾಲರ್‌ಗೆ ಏರಿಸೋ ಮಸೂದೆ ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಮಂಡನೆಯಾಗಿದೆ. ಪಾಸಾಗಿಲ್ಲ.