ಜಕಾತಿನ ಪಾತ್ರನಿರ್ಣಯ: ಸೇಡಂ–ವಾಡಿ ಸೀಮೆಯ ದೃಷ್ಟಿಯಿಂದ

ಜಕಾತು ಧನಿಕನ ಔದಾರ್ಯವಲ್ಲ. ಇಸ್ಲಾಮೀ ಶಾಸ್ತ್ರದ ಪ್ರಕಾರ ಅದು ಬಡವನಿಗೆ ಸಲ್ಲಬೇಕಾದ ಹಕ್ಕು. ನಿಗದಿತ ಮಿತಿಯನ್ನು ಮೀರಿ ವರ್ಷಕಾಲ ಉಳಿದ ಧನದಲ್ಲಿ ನೂರಕ್ಕೆ 2.5ರಷ್ಟನ್ನು ಕೊಡತಕ್ಕದ್ದು. ಕುರಾನಿನ 9ನೆಯ ಅಧ್ಯಾಯದ 60ನೆಯ ವಚನವು ಬಡವರು, ಸಾಲಗಾರರು, ದಾರಿಹೋಕರು ಮೊದಲಾದ 8 ವರ್ಗಗಳನ್ನು ಹೆಸರಿಸುತ್ತದೆ. ಆದರೆ ಅರ್ಹರು ಅನೇಕರಿದ್ದು ಹಣ ಅಲ್ಪವಾದಾಗ ಯಾರಿಗೆ ಮೊದಲು ಸಲ್ಲಬೇಕು?

ದಖ್ಖಣದಲ್ಲಿ ಬಹುಮಟ್ಟಿಗೆ ರೂಢಿಯಲ್ಲಿರುವ ಹನಫಿ ಪಂಥವು ತಂದೆತಾಯಿ, ಮಕ್ಕಳು, ಪತ್ನಿ ಇವರಿಗೆ ಜಕಾತು ಸಲ್ಲದೆಂದು ವಿಧಿಸಿ, ಬಡ ಸೋದರರಿಗೂ ಊರಿನವರಿಗೂ ಆದ್ಯತೆಯನ್ನಿತ್ತಿದೆ. ಎಲ್ಲರೂ ಎಲ್ಲರನ್ನು ಬಲ್ಲ ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಈ ಕ್ರಮ ನ್ಯಾಯವಾಗಿಯೇ ನಡೆಯಬಲ್ಲುದು. ಆದರೆ 1874ರಲ್ಲಿ ಸೇಡಂ, ಚಿತ್ತಾಪುರಗಳನ್ನು ಹಾಯುವ ಸಿಕಂದರಾಬಾದ್–ವಾಡಿ ರೈಲುಮಾರ್ಗವು ಸಂಚಾರಕ್ಕೆ ತೆರೆಯಲ್ಪಟ್ಟಿತು. ಮುಂದೆ ಶಹಾಬಾದ, ವಾಡಿಗಳಲ್ಲಿ ಕಲ್ಲುಗಣಿಗಳೂ ಸಿಮೆಂಟು ಕಾರ್ಖಾನೆಗಳೂ ಬೆಳೆದವು. ಕೂಲಿಗಾಗಿ ದೂರದಿಂದ ಬಂದ ಬಡ ಮುಸ್ಲಿಮನಿಗೆ ಇಂತಹ ಊರಿನಲ್ಲಿ ಬಂಧುಗಳಿಲ್ಲ, ಅವನ ಕಷ್ಟವನ್ನು ಬಲ್ಲವರೂ ವಿರಳ. ಬಾಂಧವ್ಯವೊಂದೇ ಅಳತೆಗೋಲಾದರೆ ಅವನು ಹೊರಗುಳಿಯುವನು.

ಹೆಚ್ಚಿನ ಅಗತ್ಯವುಳ್ಳವರಿಗಾಗಿ ಜಕಾತನ್ನು ಪರಸ್ಥಳಕ್ಕೆ ಕಳುಹಿಸಲು ಹನಫಿ ಶಾಸ್ತ್ರಕಾರರೇ ಸಮ್ಮತಿಸಿದ್ದಾರೆ. ಅಗತ್ಯವು ಊರಿನ ಎಲ್ಲೆಯನ್ನೇ ಮೀರಬಹುದಾದರೆ, ಊರೊಳಗಿನ ಅಪರಿಚಿತನನ್ನು ಕಡೆಗಣಿಸುವುದು ಹೇಗೆ ಸಾಧುವಾದೀತು? ಆದುದರಿಂದ ಪಾತ್ರತೆಯನ್ನು ಪರಿಚಯದಿಂದಲ್ಲ, ವಿಚಾರಣೆಯಿಂದ ನಿರ್ಣಯಿಸುವುದೇ ನ್ಯಾಯ.