ಹಾವು ಮತ್ತು ಬಟ್ಟಲು

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಎರಡು ಮುಖಗಳುಂಟು. ರೋಗವನ್ನು ಕಳೆಯುವುದೂ ಮದ್ದೇ. ಕೇಡು ಬಗೆದು ಅನ್ನದಲ್ಲಿ ಬೆರೆಸಿ ಇಕ್ಕುವುದೂ ಮದ್ದೇ. ಪ್ರಾಚೀನ ಗ್ರೀಕರ ‘ಫಾರ್ಮಕಾನ್’ ಎಂಬ ಶಬ್ದವೂ ಹೀಗೆಯೇ ಔಷಧ, ವಿಷ ಎರಡನ್ನೂ ಸೂಚಿಸುತ್ತಿತ್ತು. ‘ಫಾರ್ಮಸಿ’ ಎಂಬ ಹೆಸರು ಬಂದದ್ದು ಆ ಮೂಲದಿಂದಲೇ. ಔಷಧಿಕಾರರ ಲಾಂಛನಗಳ ಚರಿತ್ರೆಯನ್ನು ನೋಡುವಾಗ ಈ ಇಬ್ಬಗೆಯ ಅರ್ಥವನ್ನು ನೆನಪಿನಲ್ಲಿಡಬೇಕು.

ಈ ಲಾಂಛನಗಳಲ್ಲಿ ಬಹಳ ಹೆಸರಾದದ್ದು ಬಟ್ಟಲನ್ನು ಸುತ್ತಿಕೊಂಡ ಹಾವು. ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್ಸನ ಕೈಯಲ್ಲಿ ಒಂದೇ ಹಾವು ಸುತ್ತಿದ ಊರುಗೋಲಿರುತ್ತದೆ. ಅವನ ಮಗಳು ಹೈಜೀಯ ಆರೋಗ್ಯದ ಅಧಿದೇವತೆ. ಆಕೆ ಬಟ್ಟಲಿನಿಂದ ಹಾವಿಗೆ ಉಣಿಸುತ್ತಿರುವಂತೆ ಶಿಲ್ಪಿಗಳು ಕಡೆದರು. ಪೊರೆ ಕಳಚಿ ಹೊಸದಾಗುವ ಹಾವು ಆ ಜನಕ್ಕೆ ಮರುಚೈತನ್ಯದ ಗುರುತಾಗಿತ್ತು. ಕಾಲಕ್ರಮದಲ್ಲಿ ತಂದೆಯ ಕೋಲು ವೈದ್ಯರಿಗೆ ಸಂದಿತು, ಮಗಳ ಬಟ್ಟಲು ಔಷಧಿಕಾರರಿಗೆ ಸಂದಿತು. ವಿಷದ ಪ್ರಾಣಿಯೂ ಅಮೃತದ ಪಾತ್ರೆಯೂ ಒಂದೆಡೆ ಕೂಡಿದ ಈ ಚಿತ್ರ ‘ಮದ್ದು’ ಎಂಬ ಮಾತಿಗೆ ಬರೆದ ವ್ಯಾಖ್ಯಾನದಂತಿದೆ.

ಇದರೊಡನೆ ಬೆರೆತುಹೋದ ಇನ್ನೊಂದು ಚಿತ್ರವಿದೆ: ರೆಕ್ಕೆಯುಳ್ಳ ದಂಡಕ್ಕೆ ಎರಡು ಹಾವುಗಳು ಹೆಣೆದುಕೊಂಡದ್ದು. ಅದು ಹರ್ಮೀಸನ ದಂಡ. ಆತ ದೇವತೆಗಳ ದೂತ. ವರ್ತಕರಿಗೂ ದಾರಿಗರಿಗೂ, ಕಳ್ಳರಿಗೂ ಕೂಡ ಒಡೆಯ. 1902ರಲ್ಲಿ ಅಮೆರಿಕದ ಸೈನ್ಯದ ವೈದ್ಯಕೀಯ ವಿಭಾಗ ಈ ದಂಡವನ್ನು ತನ್ನ ಗುರುತಾಗಿ ಸ್ವೀಕರಿಸಿದ ಮೇಲೆ ಗೊಂದಲ ಲೋಕದಲ್ಲೆಲ್ಲ ಹರಡಿತು. ವ್ಯಾಪಾರದ ದೇವತೆ ಆರೋಗ್ಯದ ದೇವತೆಯ ಪೀಠದಲ್ಲಿ ಕುಳಿತಂತಾಯಿತು.

ವ್ಯಾಪಾರಕ್ಕೂ ಔಷಧಕ್ಕೂ ಇರುವ ನಂಟು ಹಳೆಯದು. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಮೆಣಸು, ಅರಿಸಿನಗಳ ಪಕ್ಕದಲ್ಲೇ ಅಳಲೆಕಾಯಿ, ಹಿಪ್ಪಲಿ ದೊರೆಯುತ್ತವೆ. ಲಂಡನ್ನಿನಲ್ಲಿಯೂ ಔಷಧಿಕಾರರು ದಿನಸಿ ವರ್ತಕರ ಸಂಘದಲ್ಲೇ ಇದ್ದರು. 1617ರಲ್ಲಿ ಒಂದನೆಯ ಜೇಮ್ಸ್ ದೊರೆ ಕೊಟ್ಟ ಸನ್ನದಿನಿಂದ ಅವರಿಗೆ ಪ್ರತ್ಯೇಕ ಸಂಘವಾಯಿತು. ಮೆಣಸನ್ನು ತೂಗುವ ಕೈಗೂ ಮದ್ದನ್ನು ತೂಗುವ ಕೈಗೂ ಭೇದವಿದೆಯೆಂಬ ತಿಳಿವಳಿಕೆ ಅದರ ಹಿಂದಿತ್ತು.

ಎರವಲು ತಂದ ಲಾಂಛನಗಳಲ್ಲಿ ಕೆಂಪು ಶಿಲುಬೆಯ ಕಥೆ ಹೆಚ್ಚು ಗಂಭೀರವಾದುದು. ರಣರಂಗದಲ್ಲಿ ಗಾಯಾಳುಗಳನ್ನೂ ಅವರ ಶುಶ್ರೂಷಕರನ್ನೂ ಕಾಪಾಡಲೆಂದು 1864ರ ಜಿನೀವಾ ಒಪ್ಪಂದ ಬಿಳಿಯ ನೆಲದ ಮೇಲಿನ ಕೆಂಪು ಶಿಲುಬೆಯನ್ನು ಗೊತ್ತುಮಾಡಿತು. ‘ಇಲ್ಲಿ ಗುಂಡು ಹಾರಿಸಬೇಡ’ ಎಂಬುದೇ ಅದರ ಅರ್ಥ. ಭಾರತದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದನ್ನು ನಿಷೇಧಿಸಿದೆ. ಆದರೂ ಔಷಧದ ಅಂಗಡಿಗಳ ಹಲಗೆಯ ಮೇಲೆ ಅದು ಕಾಣುವುದುಂಟು. ಪೇಟೆಯಲ್ಲಿ ಸವೆದ ಗುರುತು ಯುದ್ಧಭೂಮಿಯಲ್ಲಿ ಯಾರ ಕೈಯನ್ನು ತಡೆದೀತು? ಫ್ರಾನ್ಸ್, ಇಟಲಿಗಳ ಔಷಧಾಲಯಗಳು ಹಸಿರು ಶಿಲುಬೆಯನ್ನು ತಮ್ಮದಾಗಿಸಿಕೊಂಡಿವೆ.

ವೈದ್ಯರ ಚೀಟಿಯ ತಲೆಯಲ್ಲಿರುವ ‘ಆರ್‌ಎಕ್ಸ್’ ಇನ್ನೊಂದು ಗುರುತು. ಇದು ‘ತೆಗೆದುಕೋ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ರೆಸಿಪೆ’ಯ ಸಂಕ್ಷೇಪ. ಆರ್ ಅಕ್ಷರದ ಕಾಲಿಗೆ ಅಡ್ಡಗೀಟು ಎಳೆದುದರಿಂದ ಎಕ್ಸ್‌ನಂತೆ ಕಾಣುತ್ತದೆ. ಮೊದಲು ಅದು ಔಷಧಿಕಾರನಿಗೆ ವೈದ್ಯನ ಅಪ್ಪಣೆ: ಇಂಥ ದ್ರವ್ಯವನ್ನು ಇಷ್ಟು ತೆಗೆದುಕೋ, ಕೂಡಿಸು. ಇಂದು ನಮ್ಮ ದೇಶದಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಎಷ್ಟೋ ಔಷಧಗಳ ಹೊದಿಕೆಯ ಮೇಲೆ ಅದೇ ಗುರುತು ಎಚ್ಚರಿಕೆಯಾಗಿ ನಿಂತಿದೆ.

ಕಡೆಯದಾಗಿ ಕಲ್ಬತ್ತು. ಕುಟ್ಟಿ ಅರೆದು ಮದ್ದು ಮಾಡುವ ಕಾಲ ಪೇಟೆಯ ಔಷಧಾಲಯಗಳಲ್ಲಿ ಬಹುಮಟ್ಟಿಗೆ ಮುಗಿದಿದೆ. ಗುಳಿಗೆಗಳು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತವೆ. ಹಲಗೆಯ ಮೇಲೆ ಮಾತ್ರ ಕಲ್ಬತ್ತು ಉಳಿದಿದೆ. ಅರೆಯುವ ಕೆಲಸ ಹೋದರೂ ಅಳೆಯುವ ಹೊಣೆ ಹೋಗಿಲ್ಲ. ಚೀಟಿಯನ್ನು ಓದಲಾರದ ಮುದುಕಿಯೊಬ್ಬಳು ಅಂಗಡಿಯ ಚಿತ್ರವನ್ನು ನಂಬಿ ಕೈಚಾಚುತ್ತಾಳೆ. ಆ ಕೈಗೆ ಬೀಳುವುದು ಯಾವ ಮದ್ದು ಎಂಬುದನ್ನು ಒಳಗೆ ನಿಂತವನ ತಿಳಿವು ನಿರ್ಧರಿಸುತ್ತದೆ.